ಮೂರು ಬೀಗದ ಟ್ರಂಕು

ಮಾನ್ವಿಯ ಬಸ್ ನಿಲ್ದಾಣದ ಹಿಂದೆ ಪಂಪಾಪತಿಯ ಖಾನಾವಳಿ. ಅದರ ಹಿತ್ತಲಲ್ಲಿ ತಗಡಿನ ಮಾಡು, ಮಾಡಿನ ಕೆಳಗೆ ಸಾಲು ಒಲೆಗಳು. ಹತ್ತಿಕಟ್ಟಿಗೆಯ ಹೊಗೆಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ರೊಟ್ಟಿ ಬಡಿಯುವ ಹೆಂಗಸರ ಕಣ್ಣು ಮೂಗಿನ ಒಳಗೇ ಹೋಗಬೇಕು. ಬೇಸಿಗೆಯಲ್ಲಿ ಮೇಲಿನಿಂದ ತಗಡು ಸುಡುತ್ತದೆ, ಎದುರಿನಿಂದ ರೊಟ್ಟಿಯ ಹಂಚು.

ಶೇಖಮ್ಮ ಅಲ್ಲಿ ಕೂತು ಅರ್ಧ ಆಯುಷ್ಯ ಕಳೆದಿದ್ದಳು. ಬಡಿದು ಬಡಿದು ಅವಳ ಬೆರಳಿನ ಗೆರೆಗಳು ಸವೆದಿದ್ದವು. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸುತ್ತಿರಲಿಲ್ಲ. "ನೀ ಶೇಖಮ್ಮ ಅಲ್ಲಂತ ನೋಡು" ಎಂದು ಅಂಗಡಿಯವನು ನಗುತ್ತಿದ್ದ.

ಪಂಪಾಪತಿಯದು ಒಂದೇ ನಿಯಮ. ಮುರಿದ ರೊಟ್ಟಿಗೆ ಕೂಲಿಯಿಲ್ಲ. ಹಾಗೆಂದು ಮುರಿದ ರೊಟ್ಟಿಯನ್ನು ಅವನು ಎಸೆಯುತ್ತಿರಲಿಲ್ಲ. ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿ ಮುಟಗಿ ಮಾಡಿ ಮಾರುತ್ತಿದ್ದ.

"ಯಪ್ಪಾ, ಮುಟಗಿಗೆ ರೊಕ್ಕ ತಗೊಂತೀರಿ. ನಮಗ್ಯಾಕ ಕೊಡಂಗಿಲ್ರೀ?" ಎಂದು ಜೊತೆಗೆ ರೊಟ್ಟಿ ಬಡಿಯುವ ಹುಲಗೆಮ್ಮ ಒಮ್ಮೆ ಕೇಳಿದ್ದಳು.

"ಮುರದಾಕಿ ನೀನು, ಮುಟಗಿ ಮಾಡಿದಾವ ನಾನು. ಬ್ಯಾಡಾದ್ರ ಹೋಗಿ ನಿನ್ನ ಒಲಿ ನೀ ಹೂಡಿಕೋ."

ಅವನು ಅದನ್ನು ಬೈಗುಳವಾಗಿ ಆಡಿದ್ದ. ಶೇಖಮ್ಮ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ಒಂದು ಶೆಡ್ಡು. ಹೊಗೆ ಹೋಗಲು ಗೋಡೆಯಲ್ಲೊಂದು ಕಿಂಡಿ. ಹಿಂದೆ, ಒಳಗಿನಿಂದ ಅಗಳಿ ಹಾಕಿಕೊಳ್ಳಬಹುದಾದ ಕಕ್ಕಸು. ಪಂಪಾಪತಿಯ ಕಕ್ಕಸಿಗೆ ಹೋಗಬೇಕೆಂದರೆ ಅಡುಗೆಯ ಗಂಡಸರ ಮುಂದೆ ಕೈಚಾಚಿ ಕೀಲಿಕೈ ಕೇಳಬೇಕಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಕೊಡುತ್ತಿದ್ದರು. ಹಾಗಾಗಿ ಹೆಂಗಸರು ಬೆಂಕಿಯ ಮುಂದೆ ಕೂತೂ ನೀರು ಕುಡಿಯುತ್ತಿರಲಿಲ್ಲ. ಶೇಖಮ್ಮ ಮಲಗುವಾಗ ಆ ಶೆಡ್ಡಿನ ಬಾಗಿಲನ್ನು ಮನಸ್ಸಿನಲ್ಲೇ ಮುಚ್ಚಿಕೊಂಡು ನೋಡುತ್ತಿದ್ದಳು. ಮುಚ್ಚಿದ ಮೇಲೆ ಎಷ್ಟು ಸದ್ದಿಲ್ಲದೆ ಇರುತ್ತದೆ ಎಂದುಕೊಳ್ಳುತ್ತಿದ್ದಳು.

ರೊಟ್ಟಿ ಬಡಿಯುವ ಹೆಂಗಸರು ಕಟ್ಟಿಕೊಂಡ ಸಂಘಕ್ಕೆ ಒಂದು ಕಬ್ಬಿಣದ ಟ್ರಂಕಿತ್ತು. ಅದಕ್ಕೆ ಮೂರು ಬೀಗ. ಒಂದರ ಕೀಲಿಕೈ ಶೇಖಮ್ಮನ ಕೊರಳ ದಾರದಲ್ಲಿ, ಇನ್ನೊಂದು ಅವಳ ಪಕ್ಕದ ಒಲೆಯ ಜಾಹೆದಾಳ ಬಳಿ, ಮತ್ತೊಂದು ಹುಲಗೆಮ್ಮನ ಬಳಿ. ಮೊದಲು ಕೀಲಿಕೈ ಯಾರ ಕೈಯಲ್ಲಿ ಬಂದರೂ ನಡೆಯುತ್ತಿತ್ತು. ಒಂದು ಸಲ ಹುಲಗೆಮ್ಮನ ಗಂಡ, "ಆಕೀಗೆ ಜ್ವರ ಅದ" ಎಂದು ತಾನೇ ಕೀಲಿಕೈ ತಂದ. ಹಣ ಇಸ್ಪೀಟಿಗೆ ಹೋಯಿತು. ಹುಲಗೆಮ್ಮನಿಗೆ ಜ್ವರವೇ ಇರಲಿಲ್ಲ.

ಅಂದಿನಿಂದ ಕಟ್ಟು ಬಿಗಿಯಾಯಿತು. ಕೀಲಿಕೈ ಬಂದರೆ ಸಾಲದು, ಕೀಲಿಕೈಯ ಹೆಂಗಸು ಬರಬೇಕು. ಮೂವರೂ ಒಂದೇ ಚಾಪೆಯ ಮೇಲೆ ಕೂರಬೇಕು. ಮುಖ ಮುಖ ನೋಡಿಕೊಂಡ ಮೇಲೆ ಬೀಗ. ಜೋಳದ ಹಿಟ್ಟು ಮುಟ್ಟಿ ಆಣೆ ಮಾಡಿದರು. "ದೇವರು ಬ್ಯಾರೆ ಬ್ಯಾರೆ ಅಕ್ಕಾ, ಹಿಟ್ಟು ಒಂದ" ಎಂದವಳು ಜಾಹೆದಾ.

ಕವಿತಾಳದ ರಸ್ತೆಯಲ್ಲಿ ದೇವದುರ್ಗದ ಸತ್ತಾರ್ ಸಾಬರದೊಂದು ತುಂಡು ಜಾಗವಿತ್ತು. "ನಿಮ್ಮ ಸಂಘಕ್ಕ ಕೊಡ್ತೀನವ್ವಾ. ಆದ್ರ ಭಾಳ ದಿನ ಕಾಯಾಕ ಆಗಂಗಿಲ್ಲ, ಮಗಳ ಮದಿವಿ ಅದ" ಎಂದಿದ್ದರು. ಹೆಂಗಸರ ಹಣ ಕೂಡುವುದಕ್ಕಿಂತ ಬೇಗ ಜಾಗದ ಬೆಲೆ ಏರುತ್ತಿತ್ತು. ಸಾಲ ಕೇಳಲು ಬ್ಯಾಂಕಿಗೆ ಹೋದರೆ ಗಂಡನನ್ನು ಕರೆದುಕೊಂಡು ಬಾ ಎಂದರು. ಶೇಖಮ್ಮನ ಗಂಡ ಮೌನಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು.

"ಹಂಗಾರ ಮಗನ್ನ ಕರಕೊಂಡು ಬಾ."

"ಮಗ ಇಲ್ರೀ."

"ಮತ್ತ ಯಾರ ಮುಖ ನೋಡಿ ಕೊಡೂದವ್ವಾ?"

ತನಗೂ ಒಂದು ಮುಖವಿದೆ ಎಂದು ಅವಳಿಗೆ ಹೇಳಬೇಕೆನ್ನಿಸಿತು.

ಆಗ ಬಂದವಳು ಸುಜಾತಾ. ಶೇಖಮ್ಮನ ತಂಗಿಯ ಮಗಳು, ರಾಯಚೂರಿನಲ್ಲಿ ಹತ್ತಿ ವ್ಯಾಪಾರಿಯೊಬ್ಬನ ಬಳಿ ಲೆಕ್ಕ ಬರೆಯುತ್ತಿದ್ದಳು. ಅಲ್ಲಿಯ ಹುಡುಗರು ಹಣ ಇಟ್ಟಿದ್ದ ಒಂದು ಆಪ್ ತೋರಿಸಿದಳು. ಎಲ್ಲೆಲ್ಲಿಯದೋ ಜನ ಒಂದೇ ಕಡೆ ಹಣ ಕೂಡಿಸುತ್ತಾರೆ, ಅದಕ್ಕೆ ಪೂಲ್ ಎನ್ನುತ್ತಾರೆ. ಬೇಕಾದವರು ಒತ್ತೆಯಿಟ್ಟು ಸಾಲ ಒಯ್ಯುತ್ತಾರೆ. ಬಂದ ಬಡ್ಡಿ ಇಟ್ಟವರಿಗೆ.

"ಇಲ್ಲಿ ಮ್ಯಾನೇಜರ ಇಲ್ಲ ದೊಡ್ಡವ್ವ. ಗಂಡನ ಸಹಿ ಬ್ಯಾಡ. ಯಾವ ಓಣಿಯಾಕಿ ಅಂತ ಕೇಳೂರಿಲ್ಲ. ಒಂದು ಕರಾರು ಬರದು ಇಟ್ಟಾರ. ಅದು ತಾನ ನಡೀತದ. ನಡುವ ಯಾರೂ ಕೈ ಹಾಕಾಕ ಬರಂಗಿಲ್ಲ."

"ಆ ಕರಾರು ಬರದಾವ ಯಾರವ್ವಾ?"

"ಕೋಡ್ ಬರಿಯೋ ಮಂದಿ."

"ಹಂಗಾರ ಮಂದಿ ಇದ್ದಾರ" ಎಂದಳು ಶೇಖಮ್ಮ.

ಸುಜಾತಾ ನಕ್ಕಳು. ಆಮೇಲೆ ಅವಳು ಹೇಳಿದ್ದು ಮೂವರ ಮನಸ್ಸನ್ನೂ ಗೆದ್ದಿತು. ಆ ವ್ಯವಸ್ಥೆಯಲ್ಲೂ ಮೂರು ಬೀಗ ಹಾಕಬಹುದಿತ್ತು. ಮೂರು ಫೋನು, ಮೂವರೂ ಒತ್ತಿದರೆ ಮಾತ್ರ ಹಣ ಹೊರಗೆ ಬರುತ್ತದೆ.

"ಅಯ್, ನಮ್ಮ ಟ್ರಂಕ್ ನೋಡೇ ಮಾಡ್ಯಾರ!" ಎಂದು ಜಾಹೆದಾ ಚಪ್ಪಾಳೆ ತಟ್ಟಿದಳು.

ಚಾಪೆ ಹಾಸಿ, ಮೂವರೂ ಕೂತು, ಟ್ರಂಕು ತೆರೆದು ಹಣ ಕೊಟ್ಟರು. ಸುಜಾತಾ ತನ್ನ ಉಳಿತಾಯವನ್ನೂ ಅದೇ ಪೂಲಿಗೆ ಹಾಕಿದಳು. ಶೇಖಮ್ಮ ಫೋನನ್ನು ಎಲೆಅಡಿಕೆ ಚೀಲದಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೊರಳಿನ ಕೀಲಿಕೈಯನ್ನು ಮಾತ್ರ ತೆಗೆಯಲಿಲ್ಲ. ಅದು ಎದೆಗೆ ತಾಗುತ್ತಿದ್ದರೆ ತಾನೂ ಲೆಕ್ಕಕ್ಕಿರುವ ಒಬ್ಬಳು ಎನ್ನಿಸುತ್ತಿತ್ತು. ಗಂಡ ಹೋದ ಮೇಲೆ ಅವಳನ್ನು ನಂಬಿ ಜನ ಕೊಟ್ಟ ವಸ್ತು ಅದೊಂದೇ.

ಹಣ ಬೆಳೆಯಿತು ಕೂಡ. ಇನ್ನೊಂದು ಮಳೆಗಾಲ ಕಳೆದರೆ ಜಾಗ ನಮ್ಮದೇ ಎಂದು ಸತ್ತಾರ್ ಸಾಬರಿಗೆ ಹೇಳಿಕಳಿಸಿದರು.

ಆ ಬೆಳಿಗ್ಗೆ ಶೇಖಮ್ಮ ಹಿಟ್ಟು ನಾದುತ್ತಿದ್ದಳು. ರಾಯಚೂರಿನಿಂದ ಸುಜಾತಾಳ ಫೋನು ಬಂತು.

"ದೊಡ್ಡವ್ವ, ಆ ಆಪ್‌ನ ಒಂದು ಪೂಲಿಗೆ ಕಳ್ಳ ಬಿದ್ದಾನ. ನಮ್ಮದಿನ್ನೂ ಉಳದದ. ಅದಕ್ಕೂ ಅದೇ ಕರಾರು, ಅದೇ ತೂತು. ಈಗಿಂದೀಗ ಮೂವರೂ ಒತ್ರಿ. ತಡ ಮಾಡಬ್ಯಾಡ್ರಿ!"

ಜಾಹೆದಾ ಪಕ್ಕದ ಒಲೆಯಲ್ಲೇ ಇದ್ದಳು. ಹುಲಗೆಮ್ಮ ಬಾಗಲವಾಡದಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಶೇಖಮ್ಮ ಹಿಟ್ಟಿನ ಕೈಯಲ್ಲೇ ಅವಳಿಗೆ ಫೋನು ಹಚ್ಚಿದಳು. ಕರೆ ಹೋಗುವ ಮೊದಲು ಫೋನಿನೊಳಗಿನ ಹೆಂಗಸು ಎಂದಿನಂತೆ ವಂಚಕರ ಬಗ್ಗೆ ಎಚ್ಚರಿಕೆ ಹೇಳಿದಳು. ಆಮೇಲೆ ಹುಲಗೆಮ್ಮ ಸಿಕ್ಕಳು.

"ಒತ್ತಬೇಕಂತ ಹುಲಗೀ, ಈಗೇ."

"ಯಾರು ಹೇಳಿದ್ರು?"

"ಸುಜಾತಾ."

"ಆಕಿ ಮುಖ ನೋಡೀಯೇನು?"

"ಫೋನಿನ್ಯಾಗ ಹೇಳಿದ್ಳಬೇ."

"ಫೋನಿನ್ಯಾಗ ಅವಸರ ಮಾಡಾವ ಕಳ್ಳ ಅಂತ ಫೋನೇ ದಿನಾ ಬಡಕೊಂತದ. ನಾ ಇಲ್ಲಿಂದ ಒತ್ತಾಕಿ ಅಲ್ಲ. ಹಿಟ್ಟು ಮುಟ್ಟೀನಿ. ನನ್ನ ಗಂಡನ ದೆಸಿಂದ ಒಮ್ಮೆ ಹೆಸರು ಕೆಡಿಸಿಕೊಂಡೀನಿ, ಸಾಕು. ಚಾಪಿ ಹಾಸ್ರಿ, ಬಸ್ಸಿಗೆ ಬರ್ತೀನಿ."

ಬರುವುದು ಬೇಡ, ಅಲ್ಲಿಂದಲೇ ಒತ್ತು ಎಂದು ಶೇಖಮ್ಮ ಹೇಳಬಹುದಿತ್ತು. ಅವಳಿಗೆ ಬಾಯಿ ಬರಲಿಲ್ಲ. ಹುಲಗೆಮ್ಮ ಹೇಳಿದ್ದು ಸರಿಯೇ ಆಗಿತ್ತು. ಇಷ್ಟು ವರ್ಷ ಅವರನ್ನು ಕಾಪಾಡಿದ ಮಾತೇ ಅದು.

"ಬರ್ಲಿ ಅಕ್ಕಾ, ಕಾನೂನು ಅಂದ್ರ ಕಾನೂನು" ಎಂದಳು ಜಾಹೆದಾ. ಆದರೆ ಅವಳ ಕಣ್ಣು ಫೋನಿನ ಮೇಲಿತ್ತು.

ಬಾಗಲವಾಡದ ಬಸ್ಸು ಕವಿತಾಳದಲ್ಲಿ ಕೆಟ್ಟು ನಿಂತಿತು. ಮುಂದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದರ ಮುಂದಿನದು ತಡವಾಗಿ ಬಂತು. ಸುಜಾತಾ ಮತ್ತೆ ಮತ್ತೆ ಫೋನು ಮಾಡಿದಳು, ಅತ್ತಳು, ಕೊನೆಗೆ ತಾನೂ ಮಾನ್ವಿಯ ಬಸ್ಸು ಹತ್ತಿದಳು. ಶೇಖಮ್ಮ ರೊಟ್ಟಿ ಬಡಿಯುತ್ತಲೇ ಇದ್ದಳು. ಅಂದು ಅವಳ ರೊಟ್ಟಿಗಳು ಬಹಳ ಮುರಿದವು.

ಬಿಸಿಲು ಇಳಿಯುವಾಗ ಹುಲಗೆಮ್ಮ ಓಡುತ್ತಾ ಬಂದಳು. ಸೀರೆಯ ಅಂಚಿಗೆಲ್ಲ ಧೂಳು. ಚಾಪೆ ಹಾಸಿದರು. ಮೂವರೂ ಕೂತರು. ಮುಖ ಮುಖ ನೋಡಿಕೊಂಡರು. ಹುಲಗೆಮ್ಮ ಒತ್ತಿದಳು, ಜಾಹೆದಾ ಒತ್ತಿದಳು, ಶೇಖಮ್ಮ ಒತ್ತಿದಳು. ಮೂರು ಬೀಗವೂ ತೆರೆದವು.

ಒಳಗೆ ಏನೂ ಇರಲಿಲ್ಲ.

"ನಾವು ತೆಗೀಲಾರದ ಹ್ಯಾಂಗ ಹೋತು?" ಹುಲಗೆಮ್ಮ ಸುಜಾತಾಳ ತೋಳು ಹಿಡಿದು ಅಲುಗಿಸಿದಳು. "ನನ್ನ ಕೀಲಿಕೈ ನನ್ನ ಹತ್ರ ಅದ. ಹ್ಯಾಂಗ ಹೋತು?"

ಸುಜಾತಾ ತನಗೆ ತಿಳಿದ ಹತ್ತಿಯ ಮಾತಿನಲ್ಲಿ ಹೇಳಿದಳು. "ಒಬ್ಬಾವ ಅರಗಳಿಗಿಗೆ ಅಂತ ದೊಡ್ಡ ಸಾಲ ತರ್ತಾನ ಅನ್ರಿ. ಯಾರಿಗೂ ಬ್ಯಾಡಾದ ತನ್ನ ಕೆಟ್ಟ ಹತ್ತಿನ ತಾನ ಕೂಗಿ ತಾನ ಕೊಳ್ತಾನ. ಮಾರ್ಕೆಟ್ಟಿನ ಹಲಗಿ ಮ್ಯಾಲೆ ಅದರ ರೇಟ್ ಏರ್ತದ. ಪೂಲು ಆ ಹಲಗಿ ಒಂದ ನೋಡ್ತದ, ಹತ್ತಿ ನೋಡಂಗಿಲ್ಲ. ಆ ರೇಟಿಗೆ ಅದನ್ನ ಒತ್ತೆ ಇಟಗೊಂಡು ನಮ್ಮೆಲ್ಲಾರ ರೊಕ್ಕ ಅವಂಗ ಸಾಲ ಕೊಡ್ತದ. ಅವ ತಂದ ಸಾಲ ತೀರಿಸಿ, ಉಳದದ್ದು ತಗೊಂಡು ಹೋಗ್ತಾನ. ಎಲ್ಲಾ ಒಂದ ಉಸಿರಿನ್ಯಾಗ."

"ಅದಕ್ಕ ಕಳವು ಅನ್ನಂಗಿಲ್ಲೇನು?"

"ಕರಾರಿನ್ಯಾಗ ಬರದಂಗ ನಡದದ ಅಂತಾರ."

ಶೇಖಮ್ಮನಿಗೆ ಟ್ರಂಕು ಕಣ್ಣಿಗೆ ಬಂತು. ಮೂರು ಬೀಗವನ್ನು ಎಷ್ಟು ಕಾಯ್ದಿದ್ದರು. ಅದರ ತಳವನ್ನು ಯಾರೂ ತಿರುಗಿಸಿ ನೋಡಿರಲಿಲ್ಲ.

ಹುಲಗೆಮ್ಮ ಅಂದು ಊಟ ಮಾಡಲಿಲ್ಲ. "ನಾ ಅಲ್ಲೇ ಒತ್ತಿದ್ರ ಉಳೀತಿತ್ತು" ಎಂದು ಒಂದೇ ಮಾತು. ಜಾಹೆದಾ ಅವಳ ತಲೆ ನೇವರಿಸಿದಳು. ಕದಿಯದವಳು, ಸುಳ್ಳು ಹೇಳದವಳು, ಕೊಟ್ಟ ಮಾತು ಮುರಿಯದವಳು. ಅಂಥವಳು ಅಪರಾಧಿಯಂತೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಇದಕ್ಕಿಂತ ದೊಡ್ಡ ಕಳವು ಯಾವುದು ಎಂದು ಶೇಖಮ್ಮನಿಗೆ ಅನ್ನಿಸಿತು.

ರಾಯಚೂರಿನ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಲು ನಿಂತರು. ಸಾಹೇಬರು ಒಳ್ಳೆಯವರೇ, ಕುರ್ಚಿ ಕೊಟ್ಟರು.

"ಓಟಿಪಿ ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ರೀ."

"ಲಿಂಕ್ ಒತ್ತಿದ್ರೇನು?"

"ಇಲ್ರೀ. ಒತ್ತಬೇಕಾದಾಗ್ಲೂ ಒತ್ತಲಿಲ್ರೀ" ಎಂದಳು ಹುಲಗೆಮ್ಮ.

"ಬೀಗ ಒಡದಿಲ್ಲ, ಕಳ್ಳನ ಹೆಸರಿಲ್ಲ, ಊರಿಲ್ಲ. ಕಂಪನಿ ಆಫೀಸ್ ಎಲ್ಲದ?"

"ಎಲ್ಲೂ ಇಲ್ಲಂತ್ರೀ."

"ಮತ್ತ ಯಾರ ಮ್ಯಾಲೆ ಬರಕೊಳ್ಲಿ? ಗಾಳಿ ಮ್ಯಾಲೆ?" ಅವರಿಗೇ ಬೇಸರವಾದಂತಿತ್ತು. "ಓದಿದವ್ರೇ ಮುಳಗ್ಯಾರ. ನಿಮಗ್ಯಾಕ ಬೇಕಿತ್ತವ್ವಾ ಇದು?"

ಬ್ಯಾಂಕಿನಲ್ಲಿ ನಮಗೆ ಮುಖವಿರಲಿಲ್ಲ, ಅದಕ್ಕೆ ಬೇಕಿತ್ತು ಎನ್ನಬೇಕೆಂದುಕೊಂಡಳು ಶೇಖಮ್ಮ. ಸಾಹೇಬರು ಆಗಲೇ ಮುಂದಿನವರನ್ನು ಕರೆದಿದ್ದರು.

ಸತ್ತಾರ್ ಸಾಬರು ತಾವೇ ಬಂದು, ನಿಂತೇ ಮಾತಾಡಿದರು. "ಮಾಫ್ ಮಾಡ್ರವ್ವಾ. ಮದಿವಿ ತಾರೀಖು ಬಂತು." ಜಾಗವನ್ನು ಪಂಪಾಪತಿ ಕೊಂಡ.

ಆಮೇಲೊಂದು ದಿನ ಆಪ್‌ನಲ್ಲಿ ಹೊಸ ಸುದ್ದಿ ಬಂತು. ಕಳ್ಳನೊಡನೆ ರಾಜಿಯಾಗಿದೆ. ಅವನು ಸ್ವಲ್ಪ ಹಣ ಹಿಂದಿರುಗಿಸುತ್ತಾನೆ. ತೂತು ತೋರಿಸಿಕೊಟ್ಟದ್ದಕ್ಕೆ ಉಳಿದದ್ದು ಅವನಿಗೆ ಇನಾಮು. ಬಂದ ಹಣವನ್ನು ದೊಡ್ಡ ಮೊತ್ತ ಇಟ್ಟವರಿಗೆ ಮೊದಲು ಕೊಡಬೇಕು, ಅವರು ಹೋದರೆ ಪೂಲೇ ನಿಲ್ಲುವುದಿಲ್ಲ. ಇದಕ್ಕೆ ಇಟ್ಟವರೆಲ್ಲ ಓಟು ಹಾಕಬೇಕು.

"ಕಳ್ಳಗ ಇನಾಮು!" ಜಾಹೆದಾ ಹಣೆ ಬಡಿದುಕೊಂಡಳು. "ಯಾ ಅಲ್ಲಾ, ನಾವು ಮುರದ್ರ ಕೂಲಿ ಹಿಡೀತಾರ, ಅವ ಮುರದ್ರ ಇನಾಮು!"

"ಓಟು ಅದ ಅಂದ್ರ ಹಾಕೂಣು" ಎಂದಳು ಶೇಖಮ್ಮ. ಅವಳ ಮನೆಯ ಗೋಡೆಯ ಮೇಲೆ ನೀಲಿ ಕೋಟಿನ ಬಾಬಾಸಾಹೇಬರ ಪಟವಿತ್ತು. ಓಟನ್ನು ಅವಳು ಎಂದೂ ತಪ್ಪಿಸಿದವಳಲ್ಲ. ಓಟಿನ ದಿನ ಮಾತ್ರ ಪಂಪಾಪತಿಯೂ ಅವಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು.

ಆ ಪಟದ ಕೆಳಗೆ ಚಾಪೆ ಹಾಸಿದರು. ಮೂವರೂ ಕೂತು 'ಬೇಡ' ಎಂದು ಒತ್ತಿದರು. ಸುಜಾತಾ ಪಕ್ಕದಲ್ಲಿ ಕೂತು ತೋರಿಸಿದಳು. 'ಹೌದು' ಎಂಬ ಪಟ್ಟಿ ಪರದೆಯ ಅಗಲಕ್ಕೂ ತುಂಬಿತ್ತು. 'ಬೇಡ' ಎಂಬುದರ ಮುಂದೆ ಕೂದಲೆಳೆಯಷ್ಟು ಗೆರೆ.

"ಹೌದು ಅಂದವ್ರು ಅಷ್ಟು ಮಂದಿ ಅದಾರೇನು?"

"ಇಲ್ಲ ದೊಡ್ಡವ್ವ. ಬೇಡ ಅಂದವ್ರ ಭಾಳ ಮಂದಿ. ಆದ್ರ ಇಲ್ಲಿ ತಲಿಗೊಂದು ಓಟಲ್ಲ. ರೊಕ್ಕಕ್ಕೊಂದು ಓಟು."

ಹುಲಗೆಮ್ಮ ಬಗ್ಗಿ ಆ ಗೆರೆಯನ್ನು ಬೆರಳಿನಿಂದ ಮುಟ್ಟಿದಳು.

"ಇದನ್ನ ಅಳಿಸಿಬಿಡ್ತಾರೇನು?"

"ಇಲ್ಲ. ಅಲ್ಲಿ ಬರದದ್ದು ಯಾರಿಂದನೂ ಅಳಿಸಾಕ ಆಗಂಗಿಲ್ಲ."

"ಹಂಗಾರ ಇರ್ಲಿ" ಎಂದಳು ಶೇಖಮ್ಮ. "ಅಷ್ಟಾದ್ರೂ ಜಾಗ ನಮ್ಮದಾತು."

ಪಂಪಾಪತಿ ಕವಿತಾಳದ ರಸ್ತೆಯ ಜಾಗದಲ್ಲಿ ಹೊಸ ಶೆಡ್ಡು ಹಾಕಿಸಿ ಹೆಂಗಸರನ್ನು ಅಲ್ಲಿ ಕೂರಿಸಿದ. ಬಾಡಿಗೆ ಅಂತ ಕೂಲಿಯಲ್ಲಿ ಸ್ವಲ್ಪ ಹಿಡಿದ. ಕಕ್ಕಸು ಕಟ್ಟಿಸಿದ, ಅದರ ಕೀಲಿಕೈ ಅಡುಗೆಯವರ ಬಳಿಯೇ. ಗೋಡೆಗೆ ಕಿಂಡಿ ಬಿಡಿಸಲಿಲ್ಲ.

ಮೊದಲ ದಿನ ಶೇಖಮ್ಮನ ಹಂಚಿನ ಮೇಲೆ ಒಂದು ರೊಟ್ಟಿ ಮುರಿಯಿತು. ಅವಳು ಅದನ್ನು ಪಂಪಾಪತಿಯ ಬುಟ್ಟಿಗೆ ಹಾಕಲಿಲ್ಲ. ಮೂರು ತುಂಡು ಮಾಡಿ ಒಂದನ್ನು ಜಾಹೆದಾಳಿಗೆ, ಒಂದನ್ನು ಹುಲಗೆಮ್ಮನಿಗೆ ಕೊಟ್ಟಳು.

"ಏನದು, ಏನ್ ಮಾಡಾಕತ್ತೀ?" ಪಂಪಾಪತಿ ಬಾಗಿಲಲ್ಲಿ ನಿಂತಿದ್ದ.

"ಮುರದಾಕಿ ನಾನು" ಎಂದಳು ಶೇಖಮ್ಮ. "ತಿನ್ನಾಕಿನೂ ನಾನು."

ಅವನ ಮುಖ ನೋಡುತ್ತಲೇ ಮೂವರೂ ಅಗಿದರು. ಬಾಯೊಳಗೆ ಹೊಗೆಯ ರುಚಿ. ಹೊಗೆಗೆ ಹೋಗಲು ಅಲ್ಲಿಯೂ ದಾರಿ ಇರಲಿಲ್ಲ.