ತಕ್ಕಡಿ ಮುಳುಗುವ ಮುನ್ನ

ನನ್ನ ಅಕ್ಕ ನದಿ ದಂಡೆಯ ಮಾರುಕಟ್ಟೆಯಲ್ಲಿ ತರಕಾರಿ ಮಾರುತ್ತಾಳೆ. ನಾನು ಹವಾಮಾನ ಇಲಾಖೆಯಲ್ಲಿ ಮುನ್ಸೂಚನೆ ಬರೆಯುತ್ತೇನೆ. ನಾನು ಬಿಸಿಲು ಎಂದ ದಿನ ಅವಳು ಬಟ್ಟೆ ಒಗೆಯುವುದಿಲ್ಲ. ಹಾಗೆಂದು ಊರೆಲ್ಲ ಹೇಳಿಕೊಂಡು ಬರುತ್ತಾಳೆ ಬೇರೆ.

ಕಳೆದ ವರ್ಷ ಪ್ರವಾಹ ಬಂದಾಗ ನಮ್ಮ ಮುನ್ಸೂಚನೆ ಸರಿಯಾಗಿಯೇ ಇತ್ತು. 'ಕೆಲವೆಡೆ ಭಾರಿಯಿಂದ ಅತಿ ಭಾರಿ ಮಳೆಯಾಗುವ ಸಾಧ್ಯತೆ ಇದೆ' ಎಂದಿದ್ದೆವು, ಆಯಿತು. ಕಚೇರಿಯಲ್ಲಿ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು. ಅದೇ ಹೊತ್ತಿಗೆ ಅಕ್ಕ ಎದೆಮಟ್ಟದ ನೀರಿನಲ್ಲಿ ಮಾರುಕಟ್ಟೆಯ ಕಂಬ ತಬ್ಬಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಈರುಳ್ಳಿ ಮಾರುತ್ತಿದ್ದ ಅಜ್ಜಿ ಕೊಚ್ಚಿಹೋದರು.

"ಮಳೆ ಬರುತ್ತೆ ಅಂತ ಹೇಳಿದ್ವಲ್ಲಕ್ಕಾ," ಎಂದೆ ಆಸ್ಪತ್ರೆಯಲ್ಲಿ.

"ಮಳೆಗಾಲದಲ್ಲಿ ಮಳೆ ಬರದೆ ಇನ್ನೇನು ಬರುತ್ತೆ? ನೀರು ಎಲ್ಲಿವರೆಗೆ ಬರುತ್ತೆ ಅಂತ ಯಾರಾದ್ರೂ ಹೇಳಿದ್ರಾ?"

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮ ಇಲಾಖೆಯವರನ್ನು ಮೀರಿಸುವವರಿಲ್ಲ. ಕೆಲವೆಡೆ, ಅಲ್ಲಲ್ಲಿ, ಸಾಧ್ಯತೆ. ನಾವು ತಪ್ಪಾಗುವುದೇ ಇಲ್ಲ, ಯಾಕೆಂದರೆ ಏನನ್ನೂ ಹೇಳಿರುವುದಿಲ್ಲ.

ಈ ವರ್ಷ ನದಿ ಹುಟ್ಟುವ ಬೆಟ್ಟಗಳ ಮೇಲೆ ರಾಡಾರ್ ಚಿತ್ರ ಕೆಂಪಗಾಗತೊಡಗಿತು, ಅಂದರೆ ಅತಿ ಭಾರಿ ಮಳೆ. ನದಿಯ ಮಟ್ಟ ಅಳೆಯುವ ಎಂಜಿನಿಯರನಿಗೆ ಫೋನು ಮಾಡಿದೆ. ಸದಾ ನೀರಿನಲ್ಲಿ ನಿಂತಿರುವ ಉದ್ದಕಾಲಿನ ಅವನನ್ನು ಎಲ್ಲರೂ ಕೊಕ್ಕರೆ ಎನ್ನುತ್ತಾರೆ. ಅವನು ಮೀಟರುಗಳಲ್ಲಿ ಶುರು ಮಾಡಿದ.

"ಮೀಟರ್ ಬೇಡ ಮಾರಾಯ. ಮಾರುಕಟ್ಟೆಯಲ್ಲಿ ಏನು ಮುಳುಗುತ್ತೆ, ಅದು ಹೇಳು."

ಕೊಕ್ಕರೆ ಟೇಪು ಹಿಡಿದು ಮಾರುಕಟ್ಟೆಗೇ ಹೋಗಿ ಅಳೆದು ಬಂದ. "ಗೇಟಿನ ಹತ್ರ ಆಳೆತ್ತರದ ದೊಡ್ಡ ತಕ್ಕಡಿ ಇದ್ಯಲ್ಲ, ಅದು ಪೂರ್ತಿ ಮುಳುಗುತ್ತೆ," ಎಂದ.

ಹಾಗೆಯೇ ಬರೆದೆ. 'ನಾಳೆ ನದಿ ನೀರು ಮಾರುಕಟ್ಟೆಗೆ ನುಗ್ಗಿ ದೊಡ್ಡ ತಕ್ಕಡಿಯನ್ನು ಮುಳುಗಿಸುವ ಸಾಧ್ಯತೆ ಇದೆ. ಅಂಗಡಿ ತೆಗೆಯಬೇಡಿ.'

ನಿರ್ದೇಶಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ತಕ್ಕಡಿನಾ? ನೀರು ಬರದಿದ್ರೆ ಜನ ನಗ್ತಾರಮ್ಮ."

"ನಗಲಿ ಸರ್. ನಗೋದಕ್ಕೆ ಬದುಕಿರ್ತಾರಲ್ಲ."

ಅವರು ನನ್ನ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಪೆನ್ನು ತೆಗೆದು 'ಮುಳುಗಿಸುವ ಸಾಧ್ಯತೆ ಇದೆ' ಎಂಬುದನ್ನು ಹೊಡೆದುಹಾಕಿ 'ಮುಳುಗಿಸಲಿದೆ' ಎಂದು ಬರೆದರು. 'ನಾಳೆ' ಎಂಬುದರ ಮುಂದೆ 'ಮಧ್ಯಾಹ್ನದ ಊಟದ ಹೊತ್ತಿಗೆ' ಎಂದು ಸೇರಿಸಿದರು. "ಹೇಳೋದಾದ್ರೆ ಅರ್ಧಂಬರ್ಧ ಯಾಕೆ?" ಎಂದು ಸಹಿ ಹಾಕಿದರು. ಆ ಮನುಷ್ಯನ ಬಗ್ಗೆ ನಾನು ಹಿಂದೆ ಆಡಿದ ಮಾತುಗಳನ್ನೆಲ್ಲ ಅಲ್ಲೇ ವಾಪಸು ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಊರಿನ ಮೇಲೆ ಹೊಟ್ಟೆ ಉರಿಸುವಂಥ ಬಿಸಿಲು. ಒಂದು ಮೋಡವಿಲ್ಲ. ಅಕ್ಕನ ಫೋನು ಬಂತು.

"ಇಲ್ಲಿ ಹಪ್ಪಳ ಒಣಗಿಸಬಹುದು ಕಣೇ. ಎಲ್ಲಾ ಅಂಗಡಿ ತೆಗೆದು ನನ್ನ ಮುಖ ನೋಡಿ ನಗ್ತಿದ್ದಾರೆ."

"ಮಳೆ ನಿನ್ನ ತಲೆ ಮೇಲೆ ಬರಲ್ಲಕ್ಕಾ. ರಾತ್ರಿಯೇ ಬೆಟ್ಟದಲ್ಲಿ ಬಿದ್ದಾಗಿದೆ. ಆ ನೀರು ಈಗ ದಾರಿಯಲ್ಲಿದೆ."

ಆ ಕಡೆ ಯಾರೋ ನಕ್ಕಿದ್ದು ಕೇಳಿಸಿತು.

"ತಕ್ಕಡಿ ಮುಳುಗುತ್ತೆ ಅಂತೀಯ?"

"ಮುಳುಗುತ್ತೆ."

"ಸರಿ. ಎಲ್ಲರನ್ನೂ ಎಬ್ಬಿಸ್ತೀನಿ. ಬರದಿದ್ರೆ ನಿನ್ನ ಮುಖ ನನಗೆ ತೋರಿಸಬೇಡ."

ಅಕ್ಕನ ಬಾಯಿಗೆ ಎದುರು ನಿಲ್ಲುವವರು ಆ ಮಾರುಕಟ್ಟೆಯಲ್ಲಿಲ್ಲ. ಬೈದು, ಕೈ ಹಿಡಿದೆಳೆದು, ಈರುಳ್ಳಿ ಅಜ್ಜಿಯ ಹೆಸರು ಹೇಳಿ, ಬುಟ್ಟಿಗಳ ಸಮೇತ ಎಲ್ಲರನ್ನೂ ಮೇಲಿನ ರಸ್ತೆಗೆ ಹತ್ತಿಸಿದಳು. ನಾನು ಕಚೇರಿಯಲ್ಲಿ ಊಟದ ಡಬ್ಬಿ ಮುಚ್ಚಳವನ್ನೂ ತೆಗೆಯದೆ ಕೂತಿದ್ದೆ.

ಊಟದ ಹೊತ್ತಿಗೆ ಫೋನು ಬಂತು. ಮೊದಲು ಕೇಳಿಸಿದ್ದು ಜನರ ಗದ್ದಲ. ಕಿರುಚಾಟವೇನೋ ಎಂದು ಎದ್ದು ನಿಂತೆ. ಅಲ್ಲ, ಕೇಕೆ ಹಾಕುತ್ತಿದ್ದರು.

"ಬಂತು ಕಣೇ. ಸುಡು ಬಿಸಿಲಲ್ಲಿ, ಕೆಂಪಗೆ, ಗೇಟು ಮುರ್ಕೊಂಡು ಬಂತು."

"ತಕ್ಕಡಿ?"

"ಕಾಣ್ತಾನೇ ಇಲ್ಲ."

"ಜನ?"

"ಒಬ್ಬರೂ ಒಳಗಿಲ್ಲ. ಇಲ್ಲೇ ರಸ್ತೇಲಿ ಕೂತು ಬೆಂಡೆಕಾಯಿ ಮಾರ್ತಿದ್ದಾರೆ, ಟ್ರಾಫಿಕ್ ಪೊಲೀಸ್ ಬೈತಿದ್ದಾನೆ."

ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನಿರ್ದೇಶಕರು ಸಿಹಿ ತರಲು ತಾವೇ ಹೊರಟರು. ಕೊಕ್ಕರೆ ಟೇಪನ್ನು ಹೂವಿನ ಹಾರದಂತೆ ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ ನಗುತ್ತಾ ನಿಂತಿದ್ದ.

"ಅಳಬೇಡ್ವೇ," ಎಂದಳು ಅಕ್ಕ. ಆಮೇಲೆ ಕೇಳಿದಳು. "ಅಲ್ಲಾ, ನಾಳೆ ಬಟ್ಟೆ ಒಗೀಬಹುದಾ?"