ಅಮ್ಮನ ಪಾಲಿನ ಮೊಟ್ಟೆ

ಏಡ್ಸ್ ಬಂದಿರುವುದು ನನಗೆ. ಅದರ ಯಜಮಾನಿಕೆ ಮಾತ್ರ ಪೂರ್ತಿ ಅಮ್ಮನದು. ಮಾತ್ರೆ ಕೊಡುವ ಕೇಂದ್ರದ ಮೇಡಂ, "ಇವರಿಗೆ ವಿಟಮಿನ್ ಕಮ್ಮಿ ಆಗ್ಬಾರ್ದಮ್ಮ. ಮೊಟ್ಟೆ, ಹಾಲು, ಸೊಪ್ಪು ಚೆನ್ನಾಗಿ ಕೊಡಿ" ಅಂದಿದ್ದೇ ತಡ, ನಮ್ಮ ಮನೆಯಲ್ಲಿ ಹೊಸ ಸರ್ಕಾರ ಬಂತು. ಮೊಟ್ಟೆ ನನಗೆ, ಹಾಲು ನನಗೆ, ಸೊಪ್ಪು ನನಗೆ. ಅಮ್ಮನಿಗೆ ಬರಿ ಅನ್ನ ಮತ್ತು ಅಧಿಕಾರ.

"ನೀನೂ ತಿನ್ನಮ್ಮ" ಅಂದರೆ, "ನಾನು ತಿಂದು ಯಾವ ಕುಸ್ತಿಗೆ ಹೋಗ್ಬೇಕೋ? ಬಾಯಿ ಮುಚ್ಕೊಂಡು ನುಂಗು!" ಅನ್ನುತ್ತಿದ್ದಳು. ಬಾಯಿ ಮುಚ್ಚಿಕೊಂಡರೆ ತುತ್ತು ಒಳಗೆ ಹೋಗುವುದು ಹೇಗೆಂದು ಕೇಳುವ ಧೈರ್ಯ, ಬದುಕಿದ್ದಾಗ ನಮ್ಮಪ್ಪನಿಗೂ ಇರಲಿಲ್ಲ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾನು ಹೊಲಿಯುತ್ತೇನೆ, ಅಮ್ಮ ಕಾಜಾ ಮಾಡಿ ಗುಂಡಿ ಹಚ್ಚುತ್ತಾಳೆ. ಈಚೆಗೆ ಸಂಜೆಯಾದರೆ ಸಾಕು, ಗುಂಡಿಗಳು ಒಂದೊಂದು ದಿಕ್ಕಿಗೆ ಹೊರಡುತ್ತಿದ್ದವು. ಒಬ್ಬ ಮೇಷ್ಟ್ರ ಅಂಗಿಯ ಎದೆಯ ಗುಂಡಿ ಜೇಬಿನ ಮೇಲೆ ಹೋಗಿ ಕೂತಿತ್ತು.

"ಏನಮ್ಮ, ಹೊಸ ಫ್ಯಾಷನ್ನಾ?"

"ಬಲ್ಬು ಸರಿಯಿಲ್ಲ ಕಣೋ."

ಬಲ್ಬು ಬದಲಾಯಿಸಿದೆ. ಮರುದಿನ ಮುಸ್ಸಂಜೆ ಹೊಸಿಲು ಎಡವಿ ಬಿದ್ದಳು. ತಪ್ಪು ಹೊಸಿಲಿನದಂತೆ.

ತಪಾಸಣೆಗೆ ಹೋದಾಗ ಡಾಕ್ಟರು ನನ್ನನ್ನು ನೋಡಿ ಮೆಚ್ಚಿಕೊಂಡರು: ತೂಕ ಏರಿದೆ, ಎಲ್ಲವೂ ಸರಿಯಾಗಿದೆ. ಪದಕ ತನಗೇ ಬಂದಂತೆ ಅಮ್ಮ ಬೀಗುತ್ತಾ ಎದ್ದವಳು, ಬಾಗಿಲ ಬಳಿಯ ಮಬ್ಬಿನಲ್ಲಿ ಸ್ಟೂಲಿಗೆ ಡಿಕ್ಕಿ ಹೊಡೆದಳು. ಡಾಕ್ಟರು ಅವಳನ್ನೇ ಕೂರಿಸಿ, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ವರದಿ ಬಂದ ಮೇಲೆ ಹೇಳಿದರು:

"ವಿಟಮಿನ್ ಎ ತೀರಾ ಕಮ್ಮಿ. ಹೀಗೇ ಬಿಟ್ರೆ ದೃಷ್ಟಿನೇ ಹೋಗುತ್ತೆ. ಊಟಕ್ಕೆ ಏನ್ ತಿಂತೀರಮ್ಮ?"

ಬಾಯಿಬಿಟ್ಟೀಯಾ ಜೋಕೆ ಎನ್ನುವಂತೆ ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಏಡ್ಸ್ ಇರುವವನು ಗುಂಡುಕಲ್ಲಿನಂತೆ ಕೂತಿದ್ದೇನೆ. ಯಾವ ರೋಗವೂ ಇಲ್ಲದವಳಿಗೆ ಪೋಷಣೆ ಇಲ್ಲ. ಆಹಾ, ಎಂಥಾ ಮಗ! ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದವನೇ ಎರಡು ಮೊಟ್ಟೆ ಬೇಯಿಸಿ, ಒಂದನ್ನು ಅವಳ ತಟ್ಟೆಗೆ ಹಾಕಿದೆ. ಅದು ನನ್ನ ತಟ್ಟೆಗೆ ಬಂತು. ಮತ್ತೆ ಹಾಕಿದೆ. ಮತ್ತೆ ಬಂತು.

"ನೀನು ತಿನ್ನದಿದ್ರೆ ನಾನೂ ಇವತ್ತಿಂದ ಮಾತ್ರೆ ನುಂಗಲ್ಲ," ಎಂದೆ.

ಅಮ್ಮ ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಮೊಟ್ಟೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಕೇಳಿದಳು: "ನಿನ್ ಪಾಲಿಂದು ನಾನು ತಿಂದು, ನಿಂಗೇನಾದ್ರೂ ಆಗ್ಬಿಟ್ರೆ, ಈ ಕಣ್ಣಿಟ್ಕೊಂಡು ನಾನು ಏನ್ ನೋಡ್ಲೋ?"

ಮೊಟ್ಟೆ ಮುರಿದು ಅವಳ ಬಾಯಿಗಿಟ್ಟೆ. ಅಳುತ್ತಲೇ ತಿಂದಳು.