ಜಾಡಿ ಒಂದು, ಮುಚ್ಚಳ ಒಂದು

ಬಸ್ತಿಹಳ್ಳಿಯ ಅನಂತನಾಥಯ್ಯನವರು ಯಾರ ಮನೆಯಲ್ಲಿ ಕಾಫಿ ಕುಡಿದರೂ ಬರಿದಾದ ಕಪ್ಪನ್ನು ಸುಮ್ಮನೆ ಕೆಳಗಿಡುತ್ತಿರಲಿಲ್ಲ. ಬೋರಲು ಮಾಡಿ ಅದರ ತಳ ನೋಡುತ್ತಿದ್ದರು. ತಳದಲ್ಲಿ ಅಚ್ಚೇನಾದರೂ ಕಂಡರೆ ಕನ್ನಡಕವನ್ನು ಹಣೆಗೇರಿಸಿ ಅದರ ಮೇಲೆ ಬಾಗುತ್ತಿದ್ದರು. ಆಮೇಲೆ ಉಂಗುರದ ಬೆರಳಿನ ಉಗುರಿನಿಂದ ಅಂಚನ್ನೊಮ್ಮೆ ಮೀಟಿ, ತಲೆ ಓರೆ ಮಾಡಿ, ಆ ನಾದ ಪೂರ್ತಿ ಅಡಗುವ ತನಕ ಕೇಳುತ್ತಿದ್ದರು. ಮಗಳಿಗೆ ಗಂಡು ನೋಡಲು ಹೋದ ಕಡೆಯೂ ಹೀಗೇ ಮಾಡಿದ್ದರಿಂದ, ಬೀಗರಾಗಬೇಕಿದ್ದವರು ತಮ್ಮ ಮನೆಯ ಪಾತ್ರೆ ತೊಳೆದಿಲ್ಲವೆಂದು ಇವರು ತಪ್ಪು ಹುಡುಕುತ್ತಿದ್ದಾರೆಂದು ತಿಳಿದು ಮುಖ ಗಂಟಿಕ್ಕಿಕೊಂಡರಂತೆ. ಆ ಸಂಬಂಧ ಅಲ್ಲಿಗೇ ನಿಂತುಹೋಯಿತು.

ನಾದ ಉದ್ದಕ್ಕೆ ಹರಿದರೆ ಆ ಕಪ್ಪು ‘ಮಾತಾಡುತ್ತೆ’. ಥಟ್ಟನೆ ಸತ್ತರೆ ಅದು ‘ಮೂಕ’, ಎಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕಿದೆ. ಅವರ ವಿಮರ್ಶೆಯ ಪರಿಭಾಷೆಯೆಲ್ಲ ಈ ಎರಡೇ ಪದ. ಮೊಣಕೈಗಳನ್ನು ತುಸು ಮುಂದಕ್ಕೆ ಹಿಡಿದು, ಹೆಜ್ಜೆಯನ್ನು ಅಳೆದು ಇಡುತ್ತ, ಬರಿಗೈಯಲ್ಲಿ ಬರುವಾಗಲೂ ಏನನ್ನೋ ಎತ್ತಿಕೊಂಡು ಬರುವವರಂತೆ ನಡೆಯುತ್ತಿದ್ದರು. ಕೊಬ್ಬರಿ ವ್ಯಾಪಾರಕ್ಕೆಂದು ಅರಸೀಕೆರೆ ಮಾರುಕಟ್ಟೆಗೆ ಹೋಗುವ ದಿನಗಳಲ್ಲಿ ತೊಟ್ಟ ಕಂದು ಕೋಟನ್ನು ವ್ಯಾಪಾರ ಬಿಟ್ಟ ಮೇಲೂ ಬಿಟ್ಟಿರಲಿಲ್ಲ. ಅದರ ಒಳಜೇಬಿನಲ್ಲಿ ಎರಡು ವಸ್ತು ಯಾವಾಗಲೂ ಇರುತ್ತಿದ್ದವು: ಒಗೆದು ಮೆತ್ತಗಾದ ಒಂದು ಮಲ್ ಬಟ್ಟೆ, ತಾಮ್ರದ ತಂತಿ ಬಾಗಿಸಿ ಮಾಡಿದ ಒಂದು ಬಳೆ. ಬಟ್ಟೆಯ ಉಪಯೋಗ ನನಗೆ ತಿಳಿದಿತ್ತು, ಬಳೆಯದು ಬಹಳ ಕಾಲ ತಿಳಿಯಲಿಲ್ಲ.

ಅವರ ಪರಿಚಯವಾದದ್ದು ಅರಸೀಕೆರೆಯ ನಮ್ಮ ಮನೆಯಲ್ಲಿ. ನಮ್ಮಜ್ಜಿಯ ಕಾಲದ ಎರಡು ಜಪಾನ್ ಕಪ್ಪುಗಳಿವೆಯೆಂದು ಯಾರಿಂದಲೋ ಕೇಳಿ ಬಂದಿದ್ದರು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು. ಬಾಲ್ಯದಿಂದ ನಾನು ಹಾಲು ಕುಡಿದ ಕಪ್ಪಿನ ತಳದಲ್ಲಿ, ಬೆಳಕು ಹಾಯ್ದಾಗ ಮಾತ್ರ, ತುರುಬು ಕಟ್ಟಿದ ಹೆಣ್ಣೊಬ್ಬಳ ಮುಖ ಮೂಡುತ್ತಿತ್ತು. ನಲವತ್ತು ವರ್ಷ ಅವಳನ್ನು ನೋಡದೆ ಕಳೆದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಕಪ್ಪು ಕೊಡುತ್ತೇನೆಂದರೂ ಅವರು ಒಯ್ಯಲಿಲ್ಲ. ಇಬ್ಬರನ್ನೂ ಬೇರೆ ಮಾಡಬೇಡಿ, ಜೊತೆಯಲ್ಲೇ ಇಡಿ ಎಂದಷ್ಟೇ ಹೇಳಿ ಹೊರಟರು.

ಹಳ್ಳಿಗಳಲ್ಲಿ ಅವರ ಬೇಟೆ ಬಹುತೇಕ ಉಪ್ಪಿನಕಾಯಿ ಜಾಡಿಗಳದು. ಮಾದಿಹಳ್ಳಿಯ ರುಕ್ಮಿಣಮ್ಮನ ಅಟ್ಟದಲ್ಲಿ ಮೈತುಂಬ ಘಟಸರ್ಪ ಸುತ್ತಿದ ಚೀನಾ ಜಾಡಿಯೊಂದಿತ್ತು, ಅದರ ತುಂಬ ನಿಂಬೆಕಾಯಿ. ಖಾಲಿಯಾದ ಮೇಲೆ ಬನ್ನಿ ಎಂದಳು ಆಕೆ. ಒಂದು ವರ್ಷದಲ್ಲಿ ಮೂರು ಸಲ ಬಸ್ಸು ಹತ್ತಿ ಹೋಗಿ ಉಪ್ಪಿನಕಾಯಿ ಎಷ್ಟು ಇಳಿದಿದೆಯೆಂದು ಇಣುಕಿ ನೋಡಿ ಬಂದರು. ತಾವು ಮಾತ್ರ, ಹಳೆಯ ಉಪ್ಪಿನಕಾಯಿಯಲ್ಲಿ ಜೀವವಿರುತ್ತದೆಂಬ ತಮ್ಮ ಜೈನ ಮನೆತನದ ನೇಮದಂತೆ, ಒಂದು ಹೋಳನ್ನೂ ಮುಟ್ಟಿದವರಲ್ಲ. “ಒಳಗಿರೋದು ಬ್ಯಾಡವಂತೆ, ಬರೀ ಜಾಡಿ ಬೇಕಂತೆ. ಇಂಥೋರ್ನ ಎಲ್ಲೂ ಕಾಣ್ಲಿಲ್ಲ ಕಣಪ್ಪ” ಎಂದು ರುಕ್ಮಿಣಮ್ಮ ನನ್ನೆದುರು ನಕ್ಕಿದ್ದಳು. ಆಕೆ ಗಮನಿಸಿದ ಇನ್ನೊಂದು ಸಂಗತಿಯಿತ್ತು: ಜಾಡಿಗಿಂತ ಮೊದಲು ಇವರು ಅದರ ಮುಚ್ಚಳ ಕೇಳಿ, ತಾಮ್ರದ ಬಳೆಯನ್ನು ಅದಕ್ಕೆ ಹಿಡಿದು ನೋಡಿ, ತಲೆಯಾಡಿಸಿ ಹಿಂದಕ್ಕೆ ಕೊಡುತ್ತಿದ್ದರು.

ಆ ಬಳೆಯ ಕಥೆ ಹೇಳಿದವರು ಅವರ ಹೆಂಡತಿ ಜಿನಮತಿಯವರು. ಅವರ ಮನೆಯ ನಡುಮನೆಯಲ್ಲಿ, ಸಾಲುಸಾಲು ಪಿಂಗಾಣಿಯ ಮಧ್ಯೆ, ನೀಲಿ ಹೂವಿನ ಕೊಂಬೆಗಳ ಒಂದು ದುಂಡನೆಯ ಜಾಡಿ ಬಾಯಿ ತೆರೆದುಕೊಂಡು ಕೂತಿದೆ. ಅನಂತನಾಥಯ್ಯನವರ ತಾಯಿ ತವರಿನಿಂದ ತಂದು, ಬಸದಿಗೆ ಒಯ್ಯುವ ಅಕ್ಷತೆಯ ಅಕ್ಕಿ ತುಂಬಿಡುತ್ತಿದ್ದ ಜಾಡಿ ಅದು. ತಾಯಿ ತೀರಿಕೊಂಡ ಮೇಲೆ, ಈಗ್ಗೆ ಮೂವತ್ತೊಂದು ವರ್ಷದ ಹಿಂದೆ, ಅಣ್ಣತಮ್ಮಂದಿರಿಗೆ ಪಾಲಾಯಿತು. ಪಾಲುಪತ್ರ ಬರೆಯಲು ಬೇಲೂರಿನಿಂದ ಬಂದ ಚಿದಂಬರಯ್ಯ ಕಣ್ಣಿಗೆ ಬಿದ್ದದ್ದನ್ನೆಲ್ಲ ಪಟ್ಟಿ ಮಾಡುತ್ತ ಹೋದರು. ಜಾಡಿ ದೇವರ ಕೋಣೆಯಲ್ಲಿತ್ತು, ತೊಳೆದ ಮುಚ್ಚಳ ಹಿತ್ತಿಲಲ್ಲಿ ಒಣಗುತ್ತಿತ್ತು. ಹೀಗಾಗಿ ಒಂದು ಹಾಳೆಯಲ್ಲಿ ‘ಚೀನಾ ಜಾಡಿ, ಒಂದು’ ಎಂದೂ ಇನ್ನೊಂದು ಹಾಳೆಯಲ್ಲಿ ‘ಪಿಂಗಾಣಿ ಮುಚ್ಚಳ, ಒಂದು’ ಎಂದೂ ಬರೆದರು. ಚೀಟಿ ಎತ್ತಿದಾಗ ಜಾಡಿ ಅಣ್ಣನಿಗೆ ಬಂತು, ಮುಚ್ಚಳ ತಮ್ಮ ನೇಮಿನಾಥನಿಗೆ. ಎಲ್ಲರೂ ನಕ್ಕರು, ಇವರಿಬ್ಬರು ನಗಲಿಲ್ಲ. ತಮ್ಮನೇ ಕೊಡಲಿ ಎಂದು ಅಣ್ಣ ಕಾದರು, ಅಣ್ಣ ಕೇಳಲಿ ಎಂದು ತಮ್ಮ ಕಾದ. ಆ ಮೊದಲೇ ತೋಟದ ಬದುವಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದಿತ್ತು. ಕೊನೆಗೆ ಅನಂತನಾಥಯ್ಯನವರು ಎದ್ದು, “ಪಟ್ಟೀಲಿ ಬೇರೆ ಬೇರೆ ಇದೆ. ಬೇರೇನೇ ಇರ್ಲಿ” ಎಂದರು. ನೇಮಿನಾಥ ಮುಚ್ಚಳವನ್ನು ಟವೆಲಿನಲ್ಲಿ ಸುತ್ತಿಕೊಂಡು ಹಳೇಬೀಡಿನಲ್ಲಿ ಮನೆ ಮಾಡಿದ.

ಆ ಜಾಡಿಯ ಬಾಯಿಯ ಅಳತೆಗೆಂದು ಬಳೆ ಹುಟ್ಟಿದ್ದು ಮಾರನೆಯ ವಾರ. ತಮ್ಮನನ್ನು ಕೇಳದೆ ಜಾಡಿಗೊಂದು ಮುಚ್ಚಳ ದೊರಕಿಸಬೇಕೆಂದು ಹೊರಟ ಮನುಷ್ಯ, ಮುಚ್ಚಳ ಸಿಗದ ಕಡೆಯೆಲ್ಲ ಮತ್ತೊಂದು ಪಾತ್ರೆ ಹೊತ್ತು ತಂದರು. ನಾವು ಅದನ್ನು ರಸಿಕತೆ ಎಂದು ಕರೆದೆವು. ಬಸ್ತಿಹಳ್ಳಿಗೂ ಹಳೇಬೀಡಿಗೂ ನಡೆದರೆ ಹತ್ತು ನಿಮಿಷದ ದಾರಿ. ಬಸದಿಯಂತೂ ಇಬ್ಬರಿಗೂ ಒಂದೇ. ದಶಲಕ್ಷಣ ಪರ್ವ ಮುಗಿದು ಎಲ್ಲರೂ ಎಲ್ಲರಲ್ಲೂ ಕ್ಷಮೆ ಬೇಡುವ ದಿನ, ಒಬ್ಬೊಬ್ಬರ ಮುಂದೆಯೂ ನಿಂತು ಕೈಮುಗಿಯುವ ಪದ್ಧತಿಯನ್ನು ಬಿಟ್ಟು, ಇವರು ಬಾಗಿಲಲ್ಲೇ ನಿಂತು ಇಡೀ ಸಭೆಗೆ ಒಟ್ಟಿಗೆ ಕೈಮುಗಿದುಬಿಡುತ್ತಿದ್ದರು. ಸಭೆಯಲ್ಲಿ ತಮ್ಮನೂ ಇರುತ್ತಿದ್ದ, ಅವನೂ ಹಾಗೇ ಮಾಡುತ್ತಿದ್ದ.

ಐದು ವರ್ಷದ ಹಿಂದೆ ಚಾತುರ್ಮಾಸಕ್ಕೆ ಬಂದ ಮುನಿಗಳ ಎದುರು ಅನಂತನಾಥಯ್ಯನವರು ಪರಿಗ್ರಹ ಪರಿಮಾಣದ ವ್ರತ ಹಿಡಿದರು. ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ ಎಂಬ ಸಂಕಲ್ಪ ಅದು. ಮನೆಯಲ್ಲಿ ಆಗ ನೂರೇಳು ಪಿಂಗಾಣಿ ಇದ್ದವು. ಅವರು ಹೇಳಿದ ಸಂಖ್ಯೆ ನೂರೆಂಟು. ಆಸೆಗೆ ಒಂದು ಜಾಗ ಬಿಟ್ಟುಕೊಂಡರೆಂದು ಊರಿನವರು ತಮಾಷೆ ಮಾಡಿದರು. ಆದರೆ ಆಮೇಲೆ ಎಂಥೆಂಥ ವಸ್ತು ಬಂದರೂ ಆ ಒಂದು ಜಾಗ ತುಂಬಲಿಲ್ಲ. ಯಾವುದಕ್ಕೆ ಇಟ್ಟದ್ದೆಂದು ಜಿನಮತಿಯವರಿಗೆ ಗೊತ್ತಿತ್ತು, ಹೇಳಲು ಧೈರ್ಯವಿರಲಿಲ್ಲ.

ಹೋದ ವರ್ಷ ನೇಮಿನಾಥನ ಗಂಟಲಿಗೆ ವ್ಯಾಧಿ ಬಂತು, ಮಾತು ಹೋಯಿತು. ಉಳಿಯುವುದಿಲ್ಲವೆಂದು ಬಸದಿಯಲ್ಲೇ ಎಲ್ಲರೂ ಆಡಿಕೊಂಡರು. ಅನಂತನಾಥಯ್ಯನವರು ಕೋಟು ತೊಟ್ಟು ಮೂರು ಬಾರಿ ಹೊರಟರು. ಮೊದಲ ಸಲ ಹಳೇಬೀಡಿನ ಬಸ್ ನಿಲ್ದಾಣದ ತನಕ ಹೋಗಿ ಜಾವಗಲ್ ಬಸ್ಸು ಹತ್ತಿ ಯಾವುದೋ ತಟ್ಟೆ ನೋಡಿ ಬಂದರು. ಎರಡನೆಯ ಸಲವೂ ಅದೇ ತಟ್ಟೆ. ಮೂರನೆಯ ಸಲ ತಮ್ಮನ ಬೀದಿಯ ತಿರುವಿನಲ್ಲಿ, ಕೆಲಸಕ್ಕೆಂದು ಹಳೇಬೀಡಿಗೆ ಹೋಗಿದ್ದ ನನಗೇ ಸಿಕ್ಕರು. ಹೋದರೆ ಮುಚ್ಚಳ ಕೇಳಲು ಬಂದನೆಂದು ತಿಳಿದುಕೊಳ್ಳುತ್ತಾನೆ ಎಂದರು. ತಿಳಿದುಕೊಳ್ಳಲಿ ಬಿಡಿ ಎಂದೆ. ಅವರು ಹಿಂದಿರುಗಿದರು. ಅಲ್ಲಿಂದ ಒಂಬತ್ತನೆಯ ದಿನ ನೇಮಿನಾಥ ತೀರಿಕೊಂಡ. ಈ ಅಣ್ಣ ಮಸಣದ ಬೇಲಿಯ ಪಕ್ಕ, ಮೊಣಕೈಗಳನ್ನು ಮುಂದಕ್ಕೆ ಹಿಡಿದು, ಎಲ್ಲರೂ ಹೋದ ಮೇಲೂ ನಿಂತಿದ್ದರು.

ಸೂತಕ ಕಳೆದ ಮೇಲೆ ಮಾತಾಡಿಸಿ ಬರೋಣವೆಂದು ಹೋದಾಗ ನಾನು ಕಂಡದ್ದನ್ನು ಹೇಳಿ ಮುಗಿಸುತ್ತೇನೆ. ನೇಮಿನಾಥನ ಮಗಳು ದರ್ಶಿನಿ ಬಂದಿದ್ದಳು. ಟವೆಲು ಬಿಚ್ಚಿ ನೀಲಿ ಹೂವಿನ ಮುಚ್ಚಳವನ್ನು ದೊಡ್ಡಪ್ಪನ ಮುಂದಿಟ್ಟಳು. “ಅಪ್ಪ ಕುಡಿಯೋ ನೀರಿನ ತಂಬಿಗೆ ಮೇಲೆ ದಿನಾ ಇದನ್ನೇ ಮುಚ್ತಿದ್ರು. ದೊಡ್ಡಪ್ಪ ಬಂದ್ರೆ, ಕೇಳೋಕೆ ಮುಂಚೆನೇ ಕೊಟ್ಬಿಡು ಅಂತ ಸ್ಲೇಟಲ್ಲಿ ಬರೆದು ತೋರ್ಸಿದ್ರು. ನೀವು ಬರ್ಲೇ ಇಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ಸಹಿಸಲಾಗಲಿಲ್ಲ.

ಅನಂತನಾಥಯ್ಯನವರು ಉಗುರಿನಿಂದ ಮುಚ್ಚಳವನ್ನು ಮೀಟಿದರು. ಮಾತಾಡಿತು. ಎದ್ದು ಹೋಗಿ ಜಾಡಿಯ ಮೇಲೆ ಇಟ್ಟರು, ಕೂತಿತು. ಅಭ್ಯಾಸಬಲದಿಂದ ಜಾಡಿಯನ್ನೂ ಒಮ್ಮೆ ಮೀಟಿದರು. ಬಾಯಿ ಮುಚ್ಚಿದ್ದರಿಂದ ನಾದ ಹುಟ್ಟಿದಲ್ಲೇ ಅಡಗಿತು. ಗಂಡನ ಮುಖ ನೋಡಲಾರದೆ ಜಿನಮತಿಯವರು ಸಮಾಧಾನಕ್ಕೆಂದು, ಅಂತೂ ನೂರೆಂಟು ತುಂಬಿತಲ್ಲ ಎಂದರು.

“ಇಲ್ಲ ಕಣೇ. ನೂರೇಳೇ” ಎಂದರು ಅವರು. “ಜಾಡಿ, ಮುಚ್ಚಳ ಎರಡೂ ಸೇರಿ ಒಂದೇ. ಆ ಪಟ್ಟಿ ತಪ್ಪು.”

ಹಾಗಾದರೆ ಆ ಇನ್ನೊಂದು ಜಾಗ ಎಂದು ಆಕೆ ಕೇಳಿದರು. ಅದು ಹಾಗೇ ಇರಲಿ ಎಂದು, ಜೇಬಿನಿಂದ ತಾಮ್ರದ ಬಳೆ ತೆಗೆದು ಕಿಟಕಿಯ ಮೇಲಿಟ್ಟು, ಹಿತ್ತಿಲ ಕಡೆ ನಡೆದರು. ಆ ಜಾಗ ಇವತ್ತಿಗೂ ಖಾಲಿಯಿದೆ.

ಇಂಥವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನರಿದ್ದಾರೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಲ್ಲಿ ಹಿಡಿಯಬಲ್ಲವರು, ಒಂದು ಮಾತನ್ನು ತಾವೇ ಮೊದಲು ಆಡಲಾರದೆ ಅದರ ಬದಲಿಗೆ ಆಯುಷ್ಯವಿಡೀ ಬೇರೆಲ್ಲವನ್ನೂ ಮಾಡುತ್ತಾರೆ. ಅವರು ಕೂಡಿಟ್ಟದ್ದನ್ನು ನೋಡಿ ನಾವು ಬೆರಗಾಗುತ್ತೇವೆ, ಮನೆಗೆ ಕರೆದು ಕಪ್ಪು ತೋರಿಸುತ್ತೇವೆ. ಅವರು ಹುಡುಕುತ್ತಿದ್ದದ್ದು ಹತ್ತು ನಿಮಿಷದ ದಾರಿಯಲ್ಲಿ, ಒಬ್ಬನ ತಂಬಿಗೆಯ ಮೇಲೆ, ಕೇಳುವ ಮೊದಲೇ ಕೊಡಬೇಕೆಂದು ಇಟ್ಟಿತ್ತು.